ಹದಿನೇಳನೆಯ ಬಿಸ್ಕತ್ತು

ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಕೊನೆಯ ತುಣುಕು ಗಂಟಲಲ್ಲಿ ಇಳಿಯುತ್ತಿರುವಾಗ ಅವನ ಕಣ್ಣು ಮೇಜಿನ ಮೇಲಿದ್ದ ಬಿಳಿಯ ಕಾಗದದ ಪೊಟ್ಟಣದ ಮೇಲೆ ಬಿತ್ತು. ಪೊಟ್ಟಣ ಖಾಲಿಯಾಗಿತ್ತು. ಅದರ ಮೇಲೆ ಅವನದೇ ದುಂಡು ಅಕ್ಷರದಲ್ಲಿ ಹದಿನೇಳು ಎಂದು ಬರೆದಿತ್ತು. ಪಕ್ಕದ ತಟ್ಟೆಯಲ್ಲಿ ಅವನ ಸ್ವಂತದ ಎರಡು ಬಿಸ್ಕತ್ತುಗಳು ಯಾರೂ ಮುಟ್ಟದೆ, ಮದುವೆಗೆ ಕರೆಯದ ನೆಂಟರಂತೆ ಮುಖ ಊದಿಸಿಕೊಂಡು ಕೂತಿದ್ದವು. ಗೋಡೆಯ ಗಡಿಯಾರದಲ್ಲಿ ಎಂಟೂ ಮುಕ್ಕಾಲು. ಹನ್ನೊಂದಕ್ಕೆ ಸಂದರ್ಶನ. ಆರು ವರ್ಷದಿಂದ ಹಂಗಾಮಿಯಾಗಿದ್ದ ಕೆಲಸ ಇವತ್ತು ಖಾಯಂ ಆಗಬೇಕು, ಇಲ್ಲವೇ ಇನ್ನೊಂದು ವರ್ಷ ಹೀಗೆಯೇ ತೂಗಬೇಕು. ಅದಕ್ಕೇ ಅವನು ಬೆಳಿಗ್ಗೆಯೇ ಬಂದು, ಮಧ್ಯಾಹ್ನ ಎರಡಕ್ಕೆ ಪ್ರಯೋಗಕ್ಕೆ ಬರಬೇಕಾದ ಹದಿನೇಳನೆಯ ಸ್ವಯಂಸೇವಕನ ಬಿಸ್ಕತ್ತನ್ನು ಮುಂಚಿತವಾಗಿಯೇ ಪೊಟ್ಟಣದಿಂದ ಬಿಡಿಸಿ ತಟ್ಟೆಯಲ್ಲಿಟ್ಟು, ಚಹಾ ಮಾಡಿಕೊಂಡು, ಕಣ್ಣು ಮುಚ್ಚಿ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದ. ಗಾಂಜಾ ಅಲ್ಪಾವಧಿಯ ನೆನಪಿನ ಮೇಲೆ ಯಾವ ಪರಿಣಾಮ ಬೀರುತ್ತದೆ? ಮನುಷ್ಯ ಆ ಕ್ಷಣ ಏನು ಮಾಡುತ್ತಿದ್ದಾನೆಂಬುದನ್ನೇ ಮರೆಯುತ್ತಾನೆ ಸರ್, ಎಂದು ಅವನು ಕಣ್ಣು ಮುಚ್ಚಿ ಹೇಳಿಕೊಂಡಾಗಲೇ ಅವನ ಬಲಗೈ ತಾನು ಏನು ಮಾಡುತ್ತಿದ್ದೇನೆಂಬುದನ್ನು ಮರೆತು ಆ ಬಿಸ್ಕತ್ತನ್ನು ಎತ್ತಿಕೊಂಡಿತ್ತು.

ಇದು ಬೇರೆ ಯಾರ ಮೇಲೂ ಹೊರಿಸಲಾಗದ ತಪ್ಪು, ಏಕೆಂದರೆ ಆ ಬಿಸ್ಕತ್ತುಗಳು ಯಾವ ಚಹಾದ ಬಿಸ್ಕತ್ತಿಗಿಂತಲೂ ಬೇರೆಯಾಗಿ ಕಾಣದ ಹಾಗೆ ಇರಬೇಕೆಂದು ಒತ್ತಾಯಿಸಿದವನು ಅವನೇ. ಮಿದುಳಿನ ಸಂಶೋಧನಾಲಯದ ಈ ಪ್ರಯೋಗದಲ್ಲಿ ಅರ್ಧದಷ್ಟು ಬಿಸ್ಕತ್ತುಗಳಲ್ಲಿ ಗಾಂಜಾದ ಸಾರವಿತ್ತು, ಉಳಿದರ್ಧದಲ್ಲಿ ಬರೀ ಹಿಟ್ಟು ಮತ್ತು ಅದೇ ಕಹಿ ಬರಲೆಂದು ಹಾಕಿದ ಯಾವುದೋ ಸೊಪ್ಪಿನ ರಸ. ತಿನ್ನುವವನಿಗೂ ಗೊತ್ತಿರಬಾರದು, ತಿನ್ನಿಸುವವನಿಗೂ ಗೊತ್ತಿರಬಾರದು. ಯಾವ ನಂಬರಿನಲ್ಲಿ ಏನಿದೆ ಎಂಬ ಪಟ್ಟಿ ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ, ಲಕೋಟೆ ಔಷಧ ವಿಭಾಗದ ಕಪಾಟಿನಲ್ಲಿ. ತಿನ್ನಿಸುವವನು ಅವನು. ತಿನ್ನಿಸಿ, ಕಾದು, ಹದಿನೈದು ಪದಗಳನ್ನು ನಿಧಾನವಾಗಿ ಓದಿ ಹೇಳಿ, ವಾಪಸ್ ಹೇಳಿಸಿ, ನೆಲದ ಮೇಲೆ ಎಳೆದ ಗೆರೆಯ ಮೇಲೆ ನಡೆಸಿ, ಒಂದು ನಿಮಿಷ ಆಯಿತೆನಿಸಿದಾಗ ಕೈ ಎತ್ತಿ ಎಂದು ಹೇಳಿ, ಸ್ಟಾಪ್‌ವಾಚು ನೋಡಿ ಬರೆದುಕೊಳ್ಳುವುದು. ಆರು ವರ್ಷದಲ್ಲಿ ಅವನು ಎಷ್ಟೋ ಜನರ ಮಿದುಳಿನೊಳಗೆ ಹೀಗೆ ಕಿಟಕಿಯಿಂದ ಇಣುಕಿದ್ದ. ಹೊರಗೆ ನಿಂತು ಇಣುಕುವುದರ ಸುಖವೇ ಬೇರೆ.

ಮೊದಲ ಹತ್ತು ನಿಮಿಷ ಅವನು ಬಾಯಿ ತೊಳೆದುಕೊಂಡ. ಹೊಟ್ಟೆಯೊಳಗೆ ಹೋದದ್ದಕ್ಕೆ ಬಾಯಿ ತೊಳೆದು ಪ್ರಯೋಜನವಿಲ್ಲ ಎಂದು ಹತ್ತನೆಯ ಸಲ ಮುಕ್ಕಳಿಸಿದ ಮೇಲೆ ಅರಿವಾಯಿತು. ಸೇದಿದ್ದರೆ ಕೆಲವೇ ನಿಮಿಷದಲ್ಲಿ ತಲೆಗೇರುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ತಿಂದರೆ ಹಾಗಲ್ಲ. ಅದು ಸರ್ಕಾರಿ ಕಡತದ ಹಾಗೆ. ಹೊಟ್ಟೆಯಿಂದ ಕರುಳಿಗೆ, ಕರುಳಿನಿಂದ ಪಿತ್ತಜನಕಾಂಗಕ್ಕೆ, ಅಲ್ಲಿ ಒಂದಿಷ್ಟು ಹೊತ್ತು ಕೂತು ಮೊದಲಿಗಿಂತ ಬಲವಾದ ರೂಪ ತಾಳಿ, ಆಮೇಲೆ ನೆತ್ತರಿನಲ್ಲಿ ಮಿದುಳಿಗೆ. ಒಂದರಿಂದ ಮೂರು ಗಂಟೆ. ಅವನು ಬೆರಳು ಮಡಚಿದ. ಒಂಬತ್ತೂ ಮುಕ್ಕಾಲು, ಹತ್ತೂ ಮುಕ್ಕಾಲು, ಹನ್ನೊಂದೂ ಮುಕ್ಕಾಲು. ಯಾವನೋ ವೈರಿ ಕೂತು ಲೆಕ್ಕ ಹಾಕಿ ತಿನ್ನಿಸಿದ್ದರೂ ಸಂದರ್ಶನಕ್ಕೆ ಇಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ. ಸಮಾಧಾನದ ಸಂಗತಿ ಒಂದೇ: ಉಸಿರಾಟ ನಡೆಸುವ ಮಿದುಳಿನ ಕಾಂಡದಲ್ಲಿ ಗಾಂಜಾ ಹೋಗಿ ಕೂರುವ ಗ್ರಾಹಕಗಳು ತೀರಾ ಕಡಿಮೆ. ಅಂದರೆ ಸಾಯುವುದಿಲ್ಲ. ಆದರೆ ಸತ್ತರೆ ಸಂದರ್ಶನ ಮುಂದೂಡುತ್ತಾರೆ, ಬದುಕಿದ್ದರೆ ಮುಂದೂಡುವುದಿಲ್ಲ ಎಂಬ ಯೋಚನೆಯೂ ಬಂತು. ಹೋದ ವರ್ಷದ ಪ್ರಯೋಗದ ಒಂಬತ್ತನೆಯ ಸ್ವಯಂಸೇವಕ ನಿವೃತ್ತ ಲಿಫ್ಟ್ ಚಾಲಕ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬಿಸ್ಕತ್ತು ತಿಂದು ಮುಕ್ಕಾಲು ಗಂಟೆಗೆ ಕುರ್ಚಿಯಿಂದ ಎದ್ದು, ಗೋಡೆಗೆ ಬೆನ್ನು ಕೊಟ್ಟು, ಮೂರನೇ ಮಹಡಿ, ನಾಲ್ಕನೇ ಮಹಡಿ ಎಂದು ಕೂಗುತ್ತಾ ಮೇಲೆ ಹೋಗತೊಡಗಿದ. ಹನ್ನೆರಡನೇ ಮಹಡಿಯಲ್ಲಿ ಅಳು ಬಂತು. ಮೂವತ್ತು ವರ್ಷ ತನ್ನ ಲಿಫ್ಟಿನಲ್ಲಿ ನಿಂತವರೆಲ್ಲ ಮೇಲಿನ ನಂಬರುಗಳನ್ನೇ ನೋಡುತ್ತಿದ್ದರು, ಒಬ್ಬನೂ ತನ್ನ ಮುಖ ನೋಡಲಿಲ್ಲ ಎಂದು ಅತ್ತ. ಇವನು ಅದನ್ನು ಬರೆದುಕೊಂಡ, ಆಮೇಲೆ ಕ್ಯಾಂಟೀನಿನಲ್ಲಿ ಅಭಿನಯ ಮಾಡಿ ತೋರಿಸಿದ. ವರ್ಷದ ಕೊನೆಗೆ ಲಕೋಟೆ ಒಡೆದಾಗ ಒಂಬತ್ತು ಬರೀ ಹಿಟ್ಟು ಎಂದು ತಿಳಿದು ಇನ್ನೊಂದು ಸಲ ಅಭಿನಯಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಬಾಯಿ ತೊಳೆಯುವ ಬೇಸಿನ್ನಿನ ಕನ್ನಡಿಯಲ್ಲಿ ತನ್ನ ಮುಖ ತನ್ನನ್ನು ಬಿಟ್ಟು ಮೇಲೆಲ್ಲೋ ನೋಡುತ್ತಿರುವಂತೆ ಕಂಡಿತು.

ಔಷಧ ವಿಭಾಗ ಮೊಗಸಾಲೆಯ ಆ ತುದಿಯಲ್ಲಿತ್ತು. ಔಷಧ ತಯಾರಿಸುವ ಮೇಡಂ ತಕ್ಕಡಿಯ ಮುಂದೆ ಕೂತು ಏನನ್ನೋ ಚಮಚದ ತುದಿಯಿಂದ ತೂಗುತ್ತಿದ್ದರು. ಬಿಸ್ಕತ್ತುಗಳನ್ನು ಬೇಯಿಸಿದವರು ಅವರೇ, ಪಟ್ಟಿ ಬರೆದು ಅರಗು ಒತ್ತಿದವರೂ ಅವರೇ. ಅಂದರೆ ಈ ಕಟ್ಟಡದಲ್ಲಿ ಅವನ ಹೊಟ್ಟೆಯೊಳಗೆ ಏನಿದೆ ಎಂದು ಬಲ್ಲ ಏಕೈಕ ಮನುಷ್ಯಪ್ರಾಣಿ.

"ಮೇಡಂ, ಹದಿನೇಳು ಯಾವುದು?"

"ಯಾಕೆ?"

"ತಿಂದುಬಿಟ್ಟೆ."

ಮೇಡಂ ಚಮಚ ಕೆಳಗಿಟ್ಟರು. ಅವನ ಕಣ್ಣಿನ ಬಿಳಿಭಾಗ ನೋಡಿದರು, ನಾಡಿ ಹಿಡಿದರು, ಒಂದು ಲೋಟ ನೀರು ಕೊಟ್ಟರು. ಆಮೇಲೆ ತಮಗೆ ಗೊತ್ತು, ಆದರೆ ಹೇಳುವ ಹಾಗಿಲ್ಲ ಎಂದರು. ಹೇಳಿದರೆ ಮುದ್ರೆ ಒಡೆದಂತೆ. ಮುದ್ರೆ ಒಡೆಯಲು ಎರಡೇ ದಾರಿ, ನಿರ್ದೇಶಕರ ಲಿಖಿತ ಆದೇಶ ಅಥವಾ ತಿಂದವನಿಗೆ ಪ್ರಾಣಾಪಾಯ.

"ನಿಮಗೆ ಪ್ರಾಣಾಪಾಯ ಇದೆಯಾ?"

"ಕೆಲಸಕ್ಕೆ ಅಪಾಯ ಇದೆ ಮೇಡಂ."

"ಅದು ಈ ಫಾರಂನಲ್ಲಿ ಇಲ್ಲ."

ಅವನು ಅಲ್ಲೇ ನಿಂತು ಅವರ ಮುಖವನ್ನು ದಿಟ್ಟಿಸಿದ. ಬಾಯಿ ಹೇಳದಿದ್ದರೂ ಹುಬ್ಬು ಹೇಳಬಹುದು. ಹಿಟ್ಟಿನದ್ದಾಗಿದ್ದರೆ ಇವರು ಇಷ್ಟು ಗಂಭೀರವಾಗಿ ನಾಡಿ ಹಿಡಿಯುತ್ತಿದ್ದರೇ? ಗಾಂಜಾದ್ದಾಗಿದ್ದರೆ ಬರೀ ನೀರು ಕೊಟ್ಟು ಸುಮ್ಮನಿರುತ್ತಿದ್ದರೇ? ಮೂಗಿನ ಪಕ್ಕ ಒಂದು ಗೆರೆ ಅಲುಗಿದ ಹಾಗಾಯಿತು. ಅದು ಅನುಕಂಪವೋ ನಗುವೋ ಎಂದು ಅವನು ಇನ್ನಷ್ಟು ಬಾಗಿ ನೋಡುವಷ್ಟರಲ್ಲಿ ಮೇಡಂ ಮೇಜಿನ ಸೆಳೆಖಾನೆಯಿಂದ ಒಂದು ಮಾಸ್ಕು ತೆಗೆದು ಮುಖಕ್ಕೆ ಹಾಕಿಕೊಂಡರು. ಆಮೇಲೆ ಒಂದು ಕ್ಷಣ ಯೋಚಿಸಿ ಕಪ್ಪು ಕನ್ನಡಕವನ್ನೂ ಹಾಕಿಕೊಂಡರು. ಸಂಜೆಯೊಳಗೆ ನೀವೇ ನಿರ್ದೇಶಕರಿಗೆ ಹೇಳಬೇಕು, ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ ಎಂದು ಮಾಸ್ಕಿನ ಒಳಗಿನಿಂದ ಧ್ವನಿ ಬಂತು. ಅವನು ಒಂದು ಸಾಧಾರಣ ಬಿಸ್ಕತ್ತನ್ನು ಹದಿನೇಳರ ಪೊಟ್ಟಣದಲ್ಲಿಟ್ಟು ಮಧ್ಯಾಹ್ನ ಕೊಟ್ಟರೆ ಹೇಗೆ ಎಂದು ಕೇಳಬೇಕೆಂದುಕೊಂಡಿದ್ದ. ಆ ಕಪ್ಪು ಕನ್ನಡಕದಲ್ಲಿ ತನ್ನ ಎರಡು ಪುಟ್ಟ ಮುಖಗಳನ್ನು ಕಂಡು ಕೇಳಲಿಲ್ಲ. ಎರಡೂ ಮುಖಗಳು ಕದಿಯುವವರ ಹಾಗಿದ್ದವು.

ಹತ್ತು ಗಂಟೆಯ ಹೊತ್ತಿಗೆ ಅದು ಏರತೊಡಗಿತು. ಮೊದಲು ಬಾಯಿ ಒಣಗಿತು, ಜೊಲ್ಲಿನ ಗ್ರಂಥಿಗಳಲ್ಲೂ ಆ ಗ್ರಾಹಕಗಳಿವೆ, ಸರಿ. ಎದೆ ಡವಗುಟ್ಟಿತು, ಸರಿ, ಪುಸ್ತಕದಲ್ಲಿರುವ ಹಾಗೆಯೇ. ಆಮೇಲೆ ಮೊಗಸಾಲೆ ಉದ್ದವಾಯಿತು. ಅದು ಯಾವಾಗಲೂ ಉದ್ದವೇ, ಆದರೆ ಈಗ ತನ್ನ ಉದ್ದದ ಬಗ್ಗೆ ಅದಕ್ಕೇ ಹೆಮ್ಮೆ ಬಂದ ಹಾಗಿತ್ತು. ಅವನು ತನ್ನ ಮೇಲೆಯೇ ಪರೀಕ್ಷೆ ಮಾಡಿಕೊಳ್ಳಲು ನಿರ್ಧರಿಸಿದ. ಹದಿನೈದು ಪದಗಳನ್ನು ನೆನಪಿಸಿಕೊಂಡ: ಛತ್ರಿ, ಏಣಿ, ಬಾತುಕೋಳಿ, ಗುಂಡಿ, ಕಿಟಕಿ. ಹದಿನೈದೂ ಬಂದವು. ಆರು ವರ್ಷ ದಿನಾ ಓದಿದ ಪಟ್ಟಿ ಅದು, ಸತ್ತ ಮೇಲೆ ಹೆಣ ಕೂಡ ಹೇಳೀತು. ಈ ಪರೀಕ್ಷೆಗೆ ಬೆಲೆಯಿಲ್ಲ. ಸ್ಟಾಪ್‌ವಾಚು ಒತ್ತಿ ಕಣ್ಣು ಮುಚ್ಚಿ, ಒಂದು ನಿಮಿಷ ಪೂರ್ತಿ ಆಯಿತು, ಖಂಡಿತ ಆಯಿತು ಎನ್ನಿಸಿದಾಗ ಕಣ್ಣು ಬಿಟ್ಟ. ಇಪ್ಪತ್ತೆರಡು ಸೆಕೆಂಡು. ಗಾಂಜಾ ಹತ್ತಿದವನಿಗೆ ಹೊರಗಿನ ಹೊತ್ತು ತೆವಳುತ್ತದೆ, ಒಳಗಿನ ಹೊತ್ತು ಓಡುತ್ತದೆ. ಈ ವಾಕ್ಯವನ್ನು ಅವನೇ ಹೋದ ವರ್ಷದ ವರದಿಗೆ ಬರೆದುಕೊಟ್ಟಿದ್ದ, ವರದಿಯಲ್ಲಿ ಅವನ ಹೆಸರಿರಲಿಲ್ಲ. ಇನ್ನು ಮೈಯ ಸಮತೋಲ ಕಾಯುವ ಕಿರುಮೆದುಳು. ನೆಲದ ಟೈಲ್ಸುಗಳ ನಡುವಿನ ಗೆರೆಯ ಮೇಲೆ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ, ಕೈ ಎರಡೂ ಪಕ್ಕಕ್ಕೆ ಚಾಚಿ ನಡೆಯತೊಡಗಿದ. ಏಳನೆಯ ಹೆಜ್ಜೆಯಲ್ಲಿ ತಲೆ ಎತ್ತಿದರೆ ಮೊಗಸಾಲೆಯ ತುದಿಯಲ್ಲಿ ನಿರ್ದೇಶಕರು ನಿಂತಿದ್ದರು. ಪಕ್ಕದಲ್ಲಿ ಹೊರಗಿನಿಂದ ಸಂದರ್ಶನಕ್ಕೆಂದು ಬಂದಿದ್ದ ಬಿಳಿಗೂದಲಿನ ಪರಿಣತೆ. ಅವನು ಕೈ ಇಳಿಸಲು ಮರೆತು ಹಾಗೆಯೇ ನಮಸ್ಕರಿಸಲು ಹೋದ. ಅದು ಹಾರಲು ಹೊರಟು ಮನಸ್ಸು ಬದಲಾಯಿಸಿದ ಹಕ್ಕಿಯ ಹಾಗಾಯಿತು. ನಮ್ಮ ಹಂಗಾಮಿ ಸಹಾಯಕ, ಎಂದು ನಿರ್ದೇಶಕರು ಪರಿಚಯಿಸುವುದು ಕೇಳಿಸಿತು. ಸಹಾಯಕ ಎಂಬುದಕ್ಕಿಂತ ಹಂಗಾಮಿ ಎಂಬುದನ್ನೇ ಒತ್ತಿ ಹೇಳಿದರು ಎಂದು ಅವನಿಗನ್ನಿಸಿತು. ಅಥವಾ ಅಮಿಗ್ಡಲ. ಮಿದುಳಿನಲ್ಲಿ ಬಾದಾಮಿ ಗಾತ್ರದ ಈ ಭಯದ ಗಂಟು, ಪ್ರಮಾಣ ಹೆಚ್ಚಾದರೆ ಎಲ್ಲರೂ ತನ್ನ ವಿರುದ್ಧ ಪಿತೂರಿ ಮಾಡುತ್ತಿದ್ದಾರೆ ಎಂದು ಕಿವಿಯೂದುತ್ತದೆ. ಆದರೆ ನಿಜವಾಗಿಯೂ ಪಿತೂರಿ ಇದ್ದರೆ ಅಮಿಗ್ಡಲದ ತಪ್ಪೇನು?

ಫೋನು ನಡುಗಿತು. ಹೆಂಡತಿ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಕತ್ತಲೆ ಕೋಣೆಯಲ್ಲಿ ಜನರ ಕಣ್ಣ ಮುಂದೆ ಗಾಜು ಬದಲಾಯಿಸುತ್ತಾ, ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುವವಳು. ಮನೆಯಲ್ಲೂ ಅದೇ ಧಾಟಿ. ಇಬ್ಬರೂ ಅವಳ ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿದ್ದರು. ನಾಲ್ಕು ವರ್ಷದಿಂದ, ಮೇಲೆ ನಲ್ಲಿ ತಿರುಗಿಸಿದಾಗಲೆಲ್ಲ ಕೆಳಗಿನಿಂದ ಭಾವನ ಧ್ವನಿ ನಲ್ಲೀ ಎಂದು ಉದ್ದಕ್ಕೆ ಕೇಳುತ್ತಿತ್ತು. ಬೈಗುಳವಲ್ಲ, ಬರೀ ವಸ್ತುವಿನ ಹೆಸರು. ಆದರೆ ಅವನು ರಾತ್ರಿ ಬಾಯಾರಿದರೂ ನಲ್ಲಿ ಮುಟ್ಟುತ್ತಿರಲಿಲ್ಲ. ಖಾಯಂ ನೌಕರರಿಗೆ ಸಂಸ್ಥೆಯ ಹಿಂದೆ ಎರಡು ಕೋಣೆಯ ಮನೆ ಕೊಡುತ್ತಿದ್ದರು. ಆ ಮನೆಗಳ ನಲ್ಲಿಗಳನ್ನು ಹೆಂಡತಿ ಒಮ್ಮೆ ಬೇಲಿಯ ಹೊರಗೆ ನಿಂತು ನೋಡಿದ್ದಳು.

"ರೀ, ಒಳಗೆ ಕರೆದ್ರಾ?"

"ಇನ್ನೂ ಇಲ್ಲ."

"ಈ ಸಲನಾದ್ರೂ ಬಾಯಿ ಬಿಡಿ. ಅವರು ಮುಂದಿನ ವರ್ಷ ನೋಡೋಣ ಅಂದ ತಕ್ಷಣ ತಲೆ ಅಲ್ಲಾಡಿಸ್ಕೊಂಡು ಬರಬೇಡಿ. ಬಾಯಿ ಇರೋದು ಬರೀ ತಿನ್ನೋಕಲ್ಲ."

ತಿನ್ನೋಕಲ್ಲ ಎಂಬ ಮಾತು ನೇರವಾಗಿ ಹೊಟ್ಟೆಗೆ ಹೋಗಿ ಹದಿನೇಳನ್ನು ತಟ್ಟಿತು. ಇವಳಿಗೆ ಹೇಗೆ ಗೊತ್ತಾಯಿತು? ಹೇಳಿಬಿಡಲೇ ಎನ್ನಿಸಿತು. ಆದರೆ ಹೇಳಿದರೆ ಅವಳು ಅಲ್ಲಿಂದಲೇ ಆಟೋ ಹಿಡಿದು ಬಂದು ಅವನ ಕಣ್ಣಿಗೆ ಟಾರ್ಚು ಬಿಡುತ್ತಾಳೆ. ಅವನಿಗೆ ಅವಳ ಮೇಲೆ ಇದ್ದಕ್ಕಿದ್ದಂತೆ ಬಹಳ ಪ್ರೀತಿ ಉಕ್ಕಿತು. ಡೋಪಮಿನ್, ಎಂದು ತಕ್ಷಣ ಗುರುತು ಹಾಕಿಕೊಂಡ. ಡೋಪಮಿನ್ ಅನ್ನು ಹದ್ದುಬಸ್ತಿನಲ್ಲಿಟ್ಟ ಕಾವಲು ಕೋಶಗಳಿಗೆ ಗಾಂಜಾ ಜೋಗುಳ ಹಾಡುತ್ತದೆ, ಅವು ತೂಕಡಿಸಿದಾಗ ಸಂತೋಷ ಗೋಡೆ ಹಾರುತ್ತದೆ.

"ನಿನ್ನ ಧ್ವನಿ ಹಳದಿ ಬಣ್ಣ ಇದೆ ಕಣೇ," ಎಂದ.

"ಏನಂದ್ರಿ?"

"ಏನಿಲ್ಲ."

"ಕಣ್ಣು ಸರಿಯಾಗಿದೆ ತಾನೇ ನಿಮಗೆ?" ಎಂದು ಅವಳು ಕೇಳುತ್ತಿರುವಾಗಲೇ ಒಳಗಿನಿಂದ ಕರೆಯುವ ಗಂಟೆ ಬಡಿಯಿತು.

ನಿರ್ದೇಶಕರ ಕೋಣೆಯಲ್ಲಿ ಉದ್ದನೆಯ ಮೇಜಿನ ಆ ಕಡೆ ಇಬ್ಬರು ಕೂತಿದ್ದರು. ನಿರ್ದೇಶಕರ ಮುಂದೆ ನಡಾವಳಿಯ ಪುಸ್ತಕ, ಪರಿಣತೆಯ ಮುಂದೆ ಅರ್ಧ ಸುಲಿದ ಒಂದು ಕಿತ್ತಳೆ. ಅವರ ಬೆನ್ನ ಹಿಂದೆ ಗಾಜಿನ ತೊಟ್ಟಿಯಲ್ಲಿ ನಿರ್ದೇಶಕರ ಮೀನುಗಳು. ಆ ಮೀನುಗಳಿಗೆ ರಜೆಯ ದಿನ ಕಾಳು ಹಾಕುವವನು ಅವನು. ಕೆಲಸಕ್ಕೆ ಸೇರಿದ ಮೊದಲ ವಾರ ನಿರ್ದೇಶಕರು, ಭಾನುವಾರ ಈ ಕಡೆ ಬಂದರೆ ಒಂದು ಚಿಟಿಕೆ ಹಾಕಿಬಿಡಿ ಎಂದಿದ್ದರು. ಅವನು ಆ ಬಂದರೆ ಎಂಬುದನ್ನು ಬಿಟ್ಟು ಉಳಿದದ್ದನ್ನು ಕೇಳಿಸಿಕೊಂಡಿದ್ದ. ಎರಡು ಬಸ್ಸು ಬದಲಾಯಿಸಿ ಬಂದು, ಬಾಗಿಲು ತೆಗೆದು, ಒಂದು ಚಿಟಿಕೆ ಹಾಕಿ, ಮೀನುಗಳ ಮುಂದೆ ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ವಾಪಸ್ ಹೋಗುತ್ತಿದ್ದ. ಕೈಕಟ್ಟಬೇಕೆಂದು ಯಾರೂ ಹೇಳಿರಲಿಲ್ಲ. ಈಗ ಅವುಗಳಲ್ಲಿ ದೊಡ್ಡದೊಂದು ನಿರ್ದೇಶಕರ ಕಿವಿಯ ಪಕ್ಕಕ್ಕೆ ಬಂದು ನಿಂತು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಹೇಳು, ಹೇಳು ಎನ್ನುತ್ತಿರುವುದು ಸ್ಪಷ್ಟವಾಗಿತ್ತು. ಅವನು ಕುರ್ಚಿಯಲ್ಲಿ ಕೂತ. ಕುರ್ಚಿಗೆ ಮೂರೂವರೆ ಕಾಲಿದ್ದ ಹಾಗಿತ್ತು.

ಮೊದಲು ಎಷ್ಟು ವರ್ಷದ ಅನುಭವ, ಯಾವ ಯಂತ್ರಗಳು ಗೊತ್ತು ಎಂದೆಲ್ಲ ನಿರ್ದೇಶಕರು ತಮಗೆ ಗೊತ್ತಿರುವುದನ್ನೇ ಕೇಳಿದರು. ಅವನು ಹೌದು ಸರ್, ಇಲ್ಲ ಸರ್ ಎಂದ. ನಡುವೆ ಒಂದು ಪ್ರಶ್ನೆಗೂ ಉತ್ತರಕ್ಕೂ ಮಧ್ಯೆ ಒಂದು ಮಳೆಗಾಲವೇ ಕಳೆದು ಹೋಯಿತೆನ್ನಿಸಿ ಗಾಬರಿಯಾಗಿ ಅದೇ ಉತ್ತರವನ್ನು ಎರಡು ಸಲ ಹೇಳಿದ. ಆಗ ಪರಿಣತೆ ಕಿತ್ತಳೆಯ ಒಂದು ಎಸಳನ್ನು ಬಾಯಿಗಿಟ್ಟುಕೊಂಡು, ಪುಸ್ತಕದ ಮಾತು ಬೇಡ, ನಿಮ್ಮ ಮಾತಲ್ಲೇ ಹೇಳಿ, ಗಾಂಜಾ ಮಿದುಳಿನ ಒಳಗೆ ನಿಜವಾಗಿ ಮಾಡುವುದೇನು ಎಂದು ಕೇಳಿದರು.

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಹಾರಿಹೋದ ಜಾಗ ಖಾಲಿಯಾಗಿ, ಗುಡಿಸಿದ ಅಂಗಳದ ಹಾಗೆ ಚೊಕ್ಕಟವಾಗಿತ್ತು. ಅವನು ಮಾತಾಡತೊಡಗಿದ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತದೆ ಮೇಡಂ, ನಡುವೆ ಸಣ್ಣ ಸಂದು. ಸುದ್ದಿ ಯಾವಾಗಲೂ ಒಂದೇ ಕಡೆ ಹೋಗುತ್ತದೆ, ಹೇಳುವವನಿಂದ ಕೇಳುವವನಿಗೆ. ಆದರೆ ಹೇಳುವವನು ಹೇಳುತ್ತಲೇ ಹೋದರೆ ಕೇಳುವವನ ತಲೆ ಕೆಡುತ್ತದೆ. ಆಗ ಕೇಳುವ ಕೋಶ ತನ್ನ ಮೈಯ ಕೊಬ್ಬಿನಿಂದಲೇ ಒಂದು ಸಣ್ಣ ಅಣು ಮಾಡಿ ಅದೇ ಸಂದಿನಲ್ಲಿ ಹಿಂದಕ್ಕೆ ಕಳಿಸುತ್ತದೆ. ಅಂಥ ಅಣುಗಳಲ್ಲಿ ಒಂದಕ್ಕೆ ಕಂಡುಹಿಡಿದವರು ನಮ್ಮ ಆನಂದ ಎಂಬ ಶಬ್ದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಅದು ಹೇಳುವವನ ಬಾಗಿಲಲ್ಲಿ ಕೂತು, ಸಾಕು, ಕೇಳಿಸಿತು, ಸ್ವಲ್ಪ ಸುಮ್ಮನಿರು ಎನ್ನುತ್ತದೆ. ಅಷ್ಟೇ ಅದರ ಕೆಲಸ. ಗಾಂಜಾದ ಅಣು ಬಂದು ಆ ಜಾಗದಲ್ಲಿ ಕೂತುಬಿಡುತ್ತದೆ. ಯಾರೂ ಕೇಳದಿದ್ದರೂ ಎಲ್ಲ ಬಾಗಿಲಲ್ಲೂ ಸಾಕು ಸಾಕು ಎನ್ನುತ್ತದೆ. ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್‌ಗೆ ಸಾಕು ಎಂದರೆ ಶುರುಮಾಡಿದ ವಾಕ್ಯ ಅರ್ಧಕ್ಕೇ ಮರೆಯುತ್ತದೆ, ಕಾಲಿಗೆ ಸಾಕು ಎಂದರೆ ಕಾಲು ತಪ್ಪುತ್ತದೆ. ಹಸಿವಿಗೆ ಮಾತ್ರ ಯಾಕೋ ಸಾಕು ಅನ್ನಲ್ಲ, ಇನ್ನೂ ಬೇಕು ಅನ್ನುತ್ತದೆ. ಮೇಡಂ, ಆ ಕಿತ್ತಳೆ ಎಲ್ಲಿ ಸಿಕ್ಕಿತು?

ಪರಿಣತೆ ಒಂದು ಎಸಳನ್ನು ಮೇಜಿನ ಮೇಲೆ ಅವನ ಕಡೆ ತಳ್ಳಿದರು. ಆಮೇಲೆ, ಈ ಹಿಂದಕ್ಕೆ ಬರುವ ಸುದ್ದಿ ಇಲ್ಲವೇ ಇಲ್ಲ ಅಂದುಕೊಳ್ಳಿ, ಆಗೇನಾಗುತ್ತೆ ಎಂದು ಕೇಳಿದರು. ಅವನು ಎಸಳನ್ನು ನುಂಗಿದ. ಮೀನು ಬಾಯಿ ತೆರೆಯಿತು.

"ಆಗ ಅದು ಮಿದುಳಲ್ಲ ಮೇಡಂ, ಈ ಸಂಸ್ಥೆ."

ನಿರ್ದೇಶಕರ ಪೆನ್ನು ನಿಂತಿತು. ಅವನು ನಿಲ್ಲಲಿಲ್ಲ. ನಿಲ್ಲಿಸಬೇಕಾದ ಕೋಶ ಯಾವುದೋ ತೂಕಡಿಸುತ್ತಿತ್ತು. ಆರು ವರ್ಷದಿಂದ ಸರ್ ಹೇಳುವ ಕೋಶ, ನಾನು ಕೇಳುವ ಕೋಶ. ಪ್ರತಿ ವರ್ಷ ಇದೇ ಕುರ್ಚಿಯಲ್ಲಿ ಮುಂದಿನ ವರ್ಷ ನೋಡೋಣ ಅಂದರು, ನಾನು ಒಂದು ಸಲವೂ ಹಿಂದಕ್ಕೆ ಏನೂ ಕಳಿಸಲಿಲ್ಲ. ವರದಿ ಬರೆದೆ, ಸರ್ ನನ್ನ ಹೆಸರು ಹಾಕಲಿಲ್ಲ, ಆಗಲೂ ಹಿಂದಕ್ಕೆ ಏನೂ ಕಳಿಸಲಿಲ್ಲ. ಭಾನುವಾರ ಈ ಮೀನುಗಳಿಗೆ ಕಾಳು ಹಾಕಿದೆ. ಮೀನು ಒಳ್ಳೆಯವೇ, ಅವುಗಳ ಮೇಲೆ ನನಗೆ ದೂರಿಲ್ಲ. ಆದರೆ ಸಾಕು ಸರ್. ಇವೆಲ್ಲವನ್ನೂ ಅವನು ನಗುನಗುತ್ತಾ, ಯಾರದೋ ಮದುವೆಯ ಫೋಟೋ ತೋರಿಸುವವನಂತೆ ಹೇಳಿದ. ಐದು ನಿಮಿಷವಾಯಿತೋ ಐವತ್ತೋ ಗೊತ್ತಾಗಲಿಲ್ಲ. ಮೈ ಹಗುರವಾಗಿತ್ತು.

"ನೀವು ಹುಷಾರಾಗಿದ್ದೀರಾ?" ಎಂದರು ನಿರ್ದೇಶಕರು.

"ಅದೇ ಗೊತ್ತಿಲ್ಲ ಸರ್. ಬೆಳಿಗ್ಗೆ ಹದಿನೇಳು ತಿಂದೆ."

ಸಿಟ್ಟಿನಿಂದ ಕೆಂಪಾಗಿದ್ದ ನಿರ್ದೇಶಕರ ಮುಖ ನೋಡುನೋಡುತ್ತಿದ್ದಂತೆ ಮಮತೆಯಿಂದ ತುಂಬಿತು. ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಪಾಪ, ಮೊದಲೇ ಹೇಳಬಾರದಾ ಎಂದರು. ಅಮಲಿನಲ್ಲಿರುವ ಮನುಷ್ಯನ ಸಂದರ್ಶನ ನಡೆಸುವುದು ನ್ಯಾಯವಲ್ಲ, ಅವನು ಆಡಿದ್ದು ಅವನ ಮಾತಲ್ಲ, ಆದ್ದರಿಂದ ಇವತ್ತಿನದನ್ನು ರದ್ದು ಮಾಡಿ ಮುಂದಿನ ವರ್ಷ ನೋಡೋಣ ಎಂದು ಪರಿಣತೆಯ ಕಡೆ ತಿರುಗಿ ವಿವರಿಸಿದರು. ಪರಿಣತೆ ಕಿತ್ತಳೆಯ ಸಿಪ್ಪೆಯನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ತಲೆ ಎತ್ತದೆ, ಅದು ಹಿಟ್ಟಿನದ್ದಾಗಿದ್ದರೆ ಎಂದರು. ನಿರ್ದೇಶಕರು ಇವರ ನಡೆ ನೋಡಿದಿರಲ್ಲ, ಮೊಗಸಾಲೆಯಲ್ಲಿ ರೆಕ್ಕೆ ಬಡಿಯುತ್ತಿದ್ದರಲ್ಲ ಎಂದರು. ಹಿಟ್ಟಿನದ್ದಾಗಿದ್ದರೆ ಈ ಸಂದರ್ಶನ ಸಿಂಧು, ನಾನು ಅಂಕ ಹಾಕಿಯಾಗಿದೆ ಎಂದು ಪರಿಣತೆ ಅಷ್ಟೇ ಮೆಲ್ಲಗೆ ಹೇಳಿದರು. ಅವನು ಇಬ್ಬರ ಮುಖವನ್ನೂ ನೋಡಿದ. ಅವನಿಗೆ ಎಷ್ಟು ಹೊತ್ತಾದರೂ ಅರ್ಥವಾಗದಿದ್ದದ್ದು ಈಗ ಅರ್ಥವಾಯಿತು: ಹೊಟ್ಟೆಯೊಳಗೆ ಗಾಂಜಾ ಇದ್ದರೆ ಅವನು ಹೇಳಿದ್ದೆಲ್ಲ ಗಾಳಿ, ಮತ್ತೆ ಒಂದು ವರ್ಷ, ಮತ್ತೆ ಆ ನಲ್ಲಿ. ಹಿಟ್ಟು ಇದ್ದರೆ ಹೇಳಿದ್ದೆಲ್ಲ ಅವನೇ. ಬೆಳಿಗ್ಗೆಯಿಂದ ಹಿಟ್ಟಾಗಿರಲಿ, ಹಿಟ್ಟಾಗಿರಲಿ ಎಂದು ಬೇಡುತ್ತಿದ್ದವನಿಗೆ ಈಗ ಆ ಹಿಟ್ಟನ್ನು ಕಂಡೇ ಹೆದರಿಕೆಯಾಯಿತು.

ನಿರ್ದೇಶಕರು ಉತ್ಸಾಹದಿಂದಲೇ ಮುದ್ರೆ ಒಡೆಯುವ ಆದೇಶ ಬರೆದು ಸಹಿ ಹಾಕಿದರು. ಔಷಧ ವಿಭಾಗದ ಮೇಡಂ ಮಾಸ್ಕು ಮತ್ತು ಕಪ್ಪು ಕನ್ನಡಕದಲ್ಲೇ ಲಕೋಟೆ ಹಿಡಿದು ಬಂದರು. ಬ್ಯಾಂಕು ದೋಚಲು ಬಂದವರ ಹಾಗಿದ್ದರು. ಅರಗು ಒಡೆದ ಸದ್ದು ಅವನ ಬೆನ್ನುಹುರಿಯವರೆಗೂ ಹೋಯಿತು. ಅವರು ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗೆ ಇಳಿಸುತ್ತಾ ಬಂದು ನಿಲ್ಲಿಸಿದರು.

"ಹದಿನೇಳು, ಹಿಟ್ಟು."

"ಹಿಟ್ಟು ಅಂದ್ರೆ ಬರೀ ಹಿಟ್ಟಾ?" ಎಂದರು ನಿರ್ದೇಶಕರು. "ಇನ್ನೊಂದು ಸಲ ನೋಡಿ. ಪಕ್ಕದ ಸಾಲು ಇರಬಹುದು."

ಮೇಡಂ ಮಾಸ್ಕು ತೆಗೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಕಹಿಗೆ ಸ್ವಲ್ಪ ಸೊಪ್ಪು, ಎಂದರು. ಕಾಣೆಯಾದ ಬಿಸ್ಕತ್ತಿಗೆ ಅವನ ಮೇಲೆ ಒಂದು ಮೆಮೊ ಬರುತ್ತದೆ, ಅದು ಬೇರೆ ಎಂದೂ ಸೇರಿಸಿ, ಹೋಗುವಾಗ ಅವನ ಕಡೆ ನೋಡಿ ಒಂದು ಹುಬ್ಬು ಮಾತ್ರ ಏರಿಸಿದರು.

ಅಮಲು ಒಂದೊಂದಾಗಿ ಇಳಿಯಿತು, ಇಳಿಯಲು ಅದು ಏರಿಯೇ ಇರಲಿಲ್ಲವಲ್ಲ ಎಂಬ ನಾಚಿಕೆಯೂ ಜೊತೆಗೇ ಬಂತು. ಕುರ್ಚಿಗೆ ನಾಲ್ಕು ಕಾಲು ಬಂದವು. ಕೋಣೆ ತನ್ನ ಅಳತೆಗೆ ಮರಳಿತು. ಮೀನು ಬಾಯಿ ತೆರೆಯುತ್ತಿದ್ದದ್ದು ಉಸಿರಾಡಲು ಮಾತ್ರ. ಆ ಹಗುರ ಮೈ, ಆ ನಗು, ಕಿತ್ತಳೆ ಕೇಳಿದ ನಾಲಗೆ, ಎಲ್ಲ ಒಂದು ಹಿಡಿ ಹಿಟ್ಟಿನ ಮೇಲೆ ಅವನೇ ಕಟ್ಟಿಕೊಂಡದ್ದು. ಲಿಫ್ಟಿನ ಮುದುಕ ಹನ್ನೆರಡನೇ ಮಹಡಿಯಲ್ಲಿ ಅತ್ತದ್ದೂ ಅವನದೇ ಅಳು, ಬಿಸ್ಕತ್ತಿನದ್ದಲ್ಲ. ಮೂವತ್ತು ವರ್ಷ ಅಳಲು ಒಂದು ನೆಪ ಸಿಕ್ಕಿರಲಿಲ್ಲ, ಅಷ್ಟೇ. ಅದನ್ನು ತಾನು ಎರಡು ಸಲ ಅಭಿನಯಿಸಿದೆ ಎಂದು ನೆನಪಾದಾಗ ಕಿವಿ ಬಿಸಿಯಾಯಿತು. ಇದಕ್ಕೆ ಯಾವ ಗ್ರಾಹಕದ ಹೆಸರೂ ಹೊಳೆಯಲಿಲ್ಲ.

ನಿರ್ದೇಶಕರು ನಡಾವಳಿಯ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಧ್ವನಿ ಇನ್ನೂ ಮೃದುವಾಗಿಯೇ ಇತ್ತು. ಅವನು ಹೇಳಿದ ಕೊನೆಯ ಭಾಗವನ್ನು, ಹುಷಾರಿಲ್ಲವೇನೋ ಎಂದುಕೊಂಡು, ತಾವು ಬರೆದೇ ಇಲ್ಲ ಎಂದರು. ಬರೆಯದಿದ್ದರೆ ಅದು ಆಡಿಲ್ಲದ ಹಾಗೆ. ಅದನ್ನು ಹಾಗೆಯೇ ಬಿಟ್ಟರೆ ಮುಂದಿನ ವರ್ಷ ಖಂಡಿತ, ಇದು ತಮ್ಮ ಮಾತು. ಬರೆದರೆ ಪುಸ್ತಕ ಪರಿಣತೆಯ ಸಹಿಯೊಂದಿಗೆ ಮೇಲಿನ ಮಂಡಳಿಗೆ ಹೋಗುತ್ತದೆ. ಆರು ವರ್ಷ ಯಾಕೆ ಹಂಗಾಮಿಯಾಗಿಟ್ಟಿರಿ ಎಂದು ಅವರು ನನ್ನನ್ನು ಕೇಳುತ್ತಾರೆ, ನಾನು ನಿಮ್ಮ ಬಗ್ಗೆ ನನಗೆ ತೋಚಿದ್ದು ಹೇಳುತ್ತೇನೆ. ಆಮೇಲೆ ನಿರ್ಧಾರ ಅವರದ್ದು, ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು ವಿವರಿಸಿದರು.

"ಯೋಚನೆ ಮಾಡಿ," ಎಂದರು. "ನಾವು ನಾವು ಹೊಂದಿಕೊಂಡು ಹೋಗೋರು."

ಅವನ ಕತ್ತು ತಾನಾಗಿಯೇ ಮೇಲೆ ಕೆಳಗೆ ಆಡಲು ಶುರುವಾಗಿತ್ತು. ಆರು ವರ್ಷದ ಅಭ್ಯಾಸ, ಅದಕ್ಕೆ ಮಿದುಳು ಬೇಕಾಗಿರಲಿಲ್ಲ. ಅವನು ಎರಡೂ ಕೈಯಿಂದ ಕೆನ್ನೆ ಹಿಡಿದು ಅದನ್ನು ನಿಲ್ಲಿಸಿದ. ನೋಡುವವರಿಗೆ ಹಲ್ಲುನೋವು ಬಂದ ಹಾಗೆ ಕಂಡಿರಬೇಕು. ಪರಿಣತೆ ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ ಕಾಯುತ್ತಿದ್ದರು, ಸಹಾಯ ಮಾಡಲಿಲ್ಲ. ಎಷ್ಟು ಹೊತ್ತಾಯಿತೆಂದು ಅವನು ಈ ಸಲ ಗೋಡೆಯ ಗಡಿಯಾರವನ್ನೇ ನೋಡಿದ. ಪೂರ್ತಿ ಒಂದು ನಿಮಿಷ.

"ಬರ್ಕೊಳ್ಳಿ ಸರ್. ಇನ್ನೊಂದು ಸಲ ಹೇಳ್ತೀನಿ."

ಎರಡನೆಯ ಸಲ ಅದು ಏನೇನೂ ಚೆನ್ನಾಗಿ ಬರಲಿಲ್ಲ. ಧ್ವನಿ ಇಲಿಯದ್ದಾಗಿತ್ತು. ಕೋಶಗಳ ಹೋಲಿಕೆಯನ್ನು ಶುರುಮಾಡಿ ಯಾರು ಹೇಳುವವನು, ಯಾರು ಕೇಳುವವನು ಎಂದು ಅದಲುಬದಲು ಮಾಡಿದ. ವರದಿಯ ಮಾತು ಬಂದಾಗ ಕೆಮ್ಮಿ, ಹೆಸರು ಹಾಕದಿದ್ದರೂ ಪರವಾಗಿಲ್ಲ ಎಂದುಬಿಟ್ಟು, ಮತ್ತೆ, ಇಲ್ಲ, ಪರವಾಗಿದೆ, ಪರವಾಗಿದೆ ಅಂತಲೇ ಬರೀರಿ ಎಂದ. ಅಂಗಿಯ ಬೆನ್ನು ಒದ್ದೆಯಾಗಿ ಕುರ್ಚಿಗೆ ಅಂಟಿತು. ನಿರ್ದೇಶಕರು ಒಂದೊಂದೇ ಪದವನ್ನು 'ಹೂಂ, ಮುಂದೆ' ಎನ್ನುತ್ತಾ, ಹಲ್ಲು ಕಿತ್ತುಕೊಡುವವರಂತೆ ಬರೆದುಕೊಂಡರು. ಮೀನಿನ ವಿಷಯಕ್ಕೆ ಬಂದಾಗ ಪೆನ್ನು ಎತ್ತಿ ಹಿಡಿದು, ತುಟಿಯ ತುದಿಯಲ್ಲಿ ಸ್ವಲ್ಪ ನಕ್ಕರು.

"ಎಷ್ಟು ಭಾನುವಾರ ಅಂತ ಹಾಕ್ಲಿ? ಸುಮ್ಮನೆ ಬಾಯಿಗೆ ಬಂದಿದ್ದು ಬರೆಯೋಕಾಗಲ್ಲ. ಇದು ದಾಖಲೆ."

"ಎಲ್ಲಾ ಭಾನುವಾರ ಅಂತ ಹಾಕಿ ಸರ್." ದಾಖಲೆ ಎಂದ ಮೇಲೆ ಸುಳ್ಳಾಗಬಾರದು. "ಒಂದು ಬಿಟ್ಟು. ಆವತ್ತು ನನ್ನ ಮದುವೆ ಇತ್ತು."

ನಿರ್ದೇಶಕರು ಒಂದು ಬಿಟ್ಟು ಎಂದು ಬರೆಯಲು ತುಸು ಖುಷಿಯಿಂದಲೇ ಬಾಗಿದರು. ಪರಿಣತೆ ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದರು. ಅವನು ಹಣೆ ಉಜ್ಜಿಕೊಂಡ. ಮುಹೂರ್ತ ಹತ್ತೂವರೆಗೆ ಇತ್ತು, ಹೊಸ ಪಂಚೆಯಲ್ಲಿ ಬಸ್ಸು ಹತ್ತಲು ತೊಡಕಾಗಿತ್ತು, ಕಂಡಕ್ಟರ್ ಮದುಮಗ ಇಷ್ಟು ಹೊತ್ತಿಗೆ ಎಲ್ಲಿಗೆ ಹೊರಟ ಎಂದು ನಕ್ಕಿದ್ದ.

"ಇಲ್ಲ ಸರ್," ಎಂದ. "ಅದನ್ನ ಹೊಡೆದು ಹಾಕಿ. ಆವತ್ತೂ ಬಂದಿದ್ದೆ."